ಗುರುಗ್ರಹ ಭೂಮಿಯ ಕಾವಲುಗಾರ ಅನ್ನೋ ಪಾಠ ಸಾಕು, ಪೂರ್ತಿ ಕಥೆ ಹೇಳೋಣ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಮಕ್ಕಳ ಪುರವಣಿಯಲ್ಲಿ ಮೊನ್ನೆ ಗುರುಗ್ರಹದ ಬಗ್ಗೆ ಬಂದ ಬರಹ ಓದಿದೆ, ಚಿತ್ರಗಳು ಚೆನ್ನಾಗಿದ್ವು, ಭಾಷೆನೂ ಮಕ್ಕಳಿಗೆ ಅರ್ಥ ಆಗೋ ಹಾಗಿತ್ತು, ಆದ್ರೆ ಅದರ ಮುಖ್ಯ ಮಾತೇ ಒಪ್ಪೋಕೆ ಆಗ್ಲಿಲ್ಲ, ಅದಕ್ಕೆ ಈ ಪತ್ರ. ಗುರು ಭೂಮಿಯ ಕಾವಲುಗಾರ, ಬರೋ ಧೂಮಕೇತು ಕ್ಷುದ್ರಗ್ರಹ ಎಲ್ಲವನ್ನೂ ತನ್ನ ಮೈಮೇಲೆ ಹಾಕ್ಕೊಂಡು ನಮ್ಮನ್ನ ಕಾಪಾಡುತ್ತೆ, ಅದಿಲ್ಲದಿದ್ರೆ ಭೂಮಿ ಮೇಲೆ ಜೀವನೇ ಇರ್ತಿರ್ಲಿಲ್ಲ ಅಂತ ಅದರಲ್ಲಿತ್ತು. ಈ ಮಾತು ಬರೀ ನಿಮ್ಮ ಪುರವಣಿಯದ್ದಲ್ಲ, ಕ್ವಿಜ್ ಪುಸ್ತಕದಲ್ಲಿದೆ, ಯೂಟ್ಯೂಬಲ್ಲಿದೆ, ವಾಟ್ಸಾಪಲ್ಲಿ ಓಡಾಡುತ್ತೆ, ಕ್ಲಾಸಲ್ಲೂ ಹೇಳ್ತಾರೆ. ಮದುವೆ ಮಾತುಕತೆಗೆ ಕೂತ್ರೂ ಗುರುಬಲ ಇದೆಯಾ ಅಂತ ಕೇಳೋ ಊರು ನಮ್ದು, ಹಾಗಾಗಿ ಗುರು ನಮ್ಮ ಕಡೆಯವನು ಅನ್ನೋ ಕಥೆ ಮನಸ್ಸಿಗೆ ಬೇಗ ಇಳಿಯುತ್ತೆ ಅನ್ಸುತ್ತೆ. ಆದ್ರೆ ಕಳೆದ ಹದಿನೈದು ಇಪ್ಪತ್ತು ವರ್ಷದಲ್ಲಿ ಖಗೋಳ ವಿಜ್ಞಾನದಲ್ಲಿ ಈ ಕಥೆ ತುಂಬಾ ಬದಲಾಗಿದೆ, ಬದಲಾದ ಕಥೆ ಹಳೇದಕ್ಕಿಂತ ಎಷ್ಟೋ ಸ್ವಾರಸ್ಯವಾಗಿದೆ, ಅದನ್ನ ಬಿಟ್ಟು ಹಳೇ ಅರ್ಧ ಸತ್ಯನೇ ಮಕ್ಕಳ ಕೈಗೆ ಕೊಡ್ತಾ ಇರೋದು ಸರಿ ಅಲ್ಲ.

ಮೊದಲು ಹಳೇ ಮಾತು ಎಲ್ಲಿಂದ ಬಂತು ಅಂತ ಹೇಳಿಬಿಡ್ತೀನಿ, ಯಾಕಂದ್ರೆ ಅದು ಯಾರೋ ಸುಮ್ನೆ ಹುಟ್ಟಿಸಿದ್ದಲ್ಲ. ಅಮೆರಿಕದ ಕಾರ್ನೆಗಿ ಸಂಸ್ಥೆಯಲ್ಲಿದ್ದ ಜಾರ್ಜ್ ವೆದರಿಲ್ ಅನ್ನೋ ದೊಡ್ಡ ವಿಜ್ಞಾನಿ 1994ರಲ್ಲಿ ಒಂದು ಲೆಕ್ಕ ಹಾಕಿದ್ರು. ಗುರು ಮತ್ತು ಶನಿ ಪೂರ್ತಿ ಬೆಳೀದೆ ಸಣ್ಣ ಗ್ರಹಗಳಾಗೇ ಉಳ್ಕೊಂಡಿದ್ರೆ ಏನಾಗ್ತಿತ್ತು ಅಂತ. ಅವರ ಲೆಕ್ಕದಲ್ಲಿ ತುಂಬಾ ದೂರದಿಂದ ಬರೋ ಧೂಮಕೇತುಗಳು ಭೂಮಿಗೆ ಬಡಿಯೋದು ಸುಮಾರು ಸಾವಿರ ಪಟ್ಟು ಜಾಸ್ತಿ ಆಗ್ತಿತ್ತು. ಕಾರಣ ಏನಂದ್ರೆ ಸೂರ್ಯನಿಂದ ಲಕ್ಷಾಂತರ ಕೋಟಿ ಕಿಲೋಮೀಟರ್ ಆಚೆ ಊರ್ಟ್ ಮೋಡ ಅನ್ನೋ ಕಡೆಯಿಂದ ಬರೋ ಧೂಮಕೇತುಗಳು ಸೂರ್ಯನಿಗೆ ತೀರಾ ಸಡಿಲವಾಗಿ ಅಂಟ್ಕೊಂಡಿರ್ತಾವೆ, ಗುರುವಿನ ಗುರುತ್ವದ ಒಂದು ಸಣ್ಣ ತಳ್ಳು ಸಿಕ್ರೂ ಸೌರಮಂಡಲ ಬಿಟ್ಟೇ ಹೋಗಿಬಿಡ್ತಾವೆ, ಮತ್ತೆ ಮತ್ತೆ ವಾಪಸ್ ಬಂದು ನಮ್ಮ ಹತ್ರ ಸುಳಿಯೋ ಚಾನ್ಸೇ ಇರಲ್ಲ. ಇದು ಇವತ್ತಿಗೂ ಸರಿ, ಈ ಒಂದು ವಿಷಯದಲ್ಲಿ ಗುರು ನಿಜವಾಗ್ಲೂ ನಮಗೆ ಉಪಕಾರ ಮಾಡಿದೆ. ಅದೇ 1994ರ ಜುಲೈನಲ್ಲಿ ಶೂಮೇಕರ್-ಲೆವಿ 9 ಧೂಮಕೇತುವಿನ ಚೂರುಗಳು 16ರಿಂದ 22ನೇ ತಾರೀಖಿನವರೆಗೆ ಒಂದಾದ ಮೇಲೊಂದು ಗುರುವಿಗೆ ಬಿದ್ದು ಭೂಮಿಯಷ್ಟಗಲದ ಕಪ್ಪು ಕಲೆಗಳಾದ್ವು, ಸಣ್ಣ ಟೆಲಿಸ್ಕೋಪಲ್ಲೂ ಕಾಣ್ತಿದ್ವು, ಪ್ರಪಂಚನೇ ನೋಡ್ತು. ಒಂದೇ ವರ್ಷದಲ್ಲಿ ಲೆಕ್ಕನೂ ಬಂತು ಕಣ್ಣಿಗೆ ಕಾಣೋ ಸಾಕ್ಷಿನೂ ಸಿಕ್ತು ಅನ್ನೋ ಹಾಗಾಯ್ತು, ಕಾವಲುಗಾರ ಅನ್ನೋ ಹೆಸರು ಗಟ್ಟಿಯಾಗಿಬಿಡ್ತು.

ಆದ್ರೆ ಶೂಮೇಕರ್-ಲೆವಿ ಯಾಕೆ ಗುರುವಿಗೆ ಬಿತ್ತು ಅಂತ ಒಂದು ನಿಮಿಷ ಯೋಚನೆ ಮಾಡಿ. ಅದು ಭೂಮಿ ಕಡೆ ಹೊರಟಿದ್ದನ್ನ ಗುರು ಅಡ್ಡ ಬಂದು ತಡೆದಿದ್ದಲ್ಲ. ಗುರುನೇ ಅದನ್ನ ಬೀಳೋಕೆ ಎಷ್ಟೋ ವರ್ಷ ಮೊದಲೇ ಎಳ್ಕೊಂಡು ತನ್ನ ಸುತ್ತ ಸುತ್ತೋ ಹಾಗೆ ಮಾಡ್ಕೊಂಡಿತ್ತು, 1992ರಲ್ಲಿ ತೀರಾ ಹತ್ರ ಬಂದಾಗ ಅದೇ ಗುರುತ್ವ ಅದನ್ನ ಚೂರು ಚೂರು ಮಾಡ್ತು, ಎರಡು ವರ್ಷ ಆದ್ಮೇಲೆ ಆ ಚೂರುಗಳು ಬಿದ್ವು. ಭೂಮಿಗೂ ಆ ಧೂಮಕೇತುವಿಗೂ ಯಾವ ಸಂಬಂಧನೂ ಇರ್ಲಿಲ್ಲ. ಗುರುವಿನ ತೂಕ ಭೂಮಿಯ 318 ಪಟ್ಟು, ಅಷ್ಟು ದೊಡ್ಡದಕ್ಕೆ ಏನಾದ್ರೂ ಬೀಳ್ತಾನೇ ಇರುತ್ತೆ, 2009ರಲ್ಲಿ ಆಸ್ಟ್ರೇಲಿಯಾದ ಹವ್ಯಾಸಿ ವೀಕ್ಷಕ ಆಂಥನಿ ವೆಸ್ಲಿ ಇನ್ನೊಂದು ಅಂಥ ಕಲೆ ಹಿಡಿದ್ರು. ಅದಕ್ಕೆ ಬಿದ್ದಿದ್ದೆಲ್ಲ ನಮಗೆ ತಪ್ಪಿದ್ದು ಅಂತ ಲೆಕ್ಕ ಹಾಕೋಕಾಗಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಕೇಸ್ ಒಂದಿದೆ, ಅದನ್ನ ನಮ್ಮ ಪುಸ್ತಕಗಳಲ್ಲಿ ಯಾಕೆ ಬರೆಯಲ್ಲ ಅಂತ ನನಗೆ ಬೇಜಾರು. 1770ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಚಾರ್ಲ್ಸ್ ಮೆಸ್ಸಿಯೆ ಒಂದು ಧೂಮಕೇತು ಕಂಡುಹಿಡಿದ್ರು. ಅದು ಜುಲೈ 1ರ ಹೊತ್ತಿಗೆ ಭೂಮಿಯಿಂದ ಸುಮಾರು 22 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದು ಹೋಯ್ತು, ಅಂದ್ರೆ ಚಂದ್ರನ ದೂರದ ಆರು ಪಟ್ಟು ಅಷ್ಟೇ, ದಾಖಲೆ ಇರೋ ಯಾವ ಧೂಮಕೇತುನೂ ಇಷ್ಟು ಹತ್ರ ಬಂದಿದ್ದು ಖಚಿತವಾಗಿ ಗೊತ್ತಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಆಂಡರ್ಸ್ ಲೆಕ್ಸೆಲ್ ಅನ್ನೋ ಗಣಿತಜ್ಞರು ಕೂತು ಅದರ ದಾರಿ ಲೆಕ್ಕ ಹಾಕಿದ್ರು, ಐದೂವರೆ ವರ್ಷಕ್ಕೊಂದು ಸುತ್ತು ಅಂತ ಬಂತು. ಹಾಗಿದ್ರೆ ಇಷ್ಟು ದಿನ ಯಾರೂ ಯಾಕೆ ನೋಡಿರ್ಲಿಲ್ಲ ಅನ್ನೋ ಪ್ರಶ್ನೆ ಎದ್ದಿತು. ಹಿಂದಕ್ಕೆ ಲೆಕ್ಕ ಹಾಕಿದ್ರೆ 1767ರಲ್ಲಿ ಅದು ಗುರುವಿನ ಹತ್ರ ಹಾದುಹೋಗಿತ್ತು, ಅಲ್ಲಿವರೆಗೆ ದೂರದಲ್ಲಿ ತನ್ನ ಪಾಡಿಗೆ ಸುತ್ತುತ್ತಿದ್ದಿದ್ದನ್ನ ಗುರುನೇ ಒಳಗಡೆ ತಿರುಗಿಸಿ ನಮ್ಮ ಬಾಗಿಲಿಗೆ ಕಳಿಸಿತ್ತು. ಆಮೇಲೆ 1779ರಲ್ಲಿ ಮತ್ತೆ ಗುರುವಿನ ಹತ್ರ ಹೋಯ್ತು, ಗುರು ಅದನ್ನ ಎತ್ತಿ ದೂರ ಬಿಸಾಡ್ತು, ಅವತ್ತಿಂದ ಇವತ್ತಿನವರೆಗೆ ಅದು ಕಂಡಿಲ್ಲ. ತಂದಿದ್ದೂ ಅದೇ, ಕಳಿಸಿದ್ದೂ ಅದೇ, ಹನ್ನೆರಡು ವರ್ಷದೊಳಗೆ ಎರಡೂ ಕೆಲಸ. ಜೋಳದ ಹೊಲದಲ್ಲಿ ಹಕ್ಕಿ ಓಡಿಸೋಕೆ ಬೀಸೋ ಕವಣೆ ನೋಡಿದೋರಿಗೆ ಇದು ತಕ್ಷಣ ಅರ್ಥ ಆಗುತ್ತೆ, ಕಲ್ಲು ಎಲ್ಲಿಗೆ ಹೋಗುತ್ತೆ ಅನ್ನೋದು ಯಾವ ಕ್ಷಣದಲ್ಲಿ ದಾರ ಬಿಟ್ವಿ ಅನ್ನೋದರ ಮೇಲೆ ಇರುತ್ತೆ.

ಇದು ಹಳೇ ಕಾಲದ ಒಂದೇ ಘಟನೆ ಅಂತ ಅಂದ್ಕೋಬೇಡಿ. ಯುರೋಪಿನ ರೊಸೆಟ್ಟಾ ನೌಕೆ 2014ರಲ್ಲಿ ಹೋಗಿ ಸೇರ್ಕೊಂಡ 67ಪಿ ಧೂಮಕೇತು ಇದೆಯಲ್ಲ, ಅದೂ ಅಷ್ಟೇ, 1959ರಲ್ಲಿ ಗುರುವಿನ ಹತ್ರ ಹಾದುಹೋದ್ಮೇಲೇನೇ ಅದು ಸೂರ್ಯನಿಗೆ ಈಗಿನಷ್ಟು ಹತ್ರ ಬರೋಕೆ ಶುರು ಮಾಡಿದ್ದು. ಸೂರ್ಯನ ಸುತ್ತ ಕೆಲವೇ ವರ್ಷಕ್ಕೊಂದು ಸುತ್ತು ಹಾಕೋ ಧೂಮಕೇತುಗಳ ಒಂದು ದೊಡ್ಡ ಗುಂಪಿಗೆ ಗುರುವಿನ ಕುಟುಂಬ ಅಂತಾನೇ ಹೆಸರಿಟ್ಟಿದ್ದಾರೆ, ಅವುಗಳ ದಾರಿ ಇವತ್ತು ಗುರುವಿನ ಹಿಡಿತದಲ್ಲೇ ಇರೋದಕ್ಕೆ.

ಧೂಮಕೇತುಗಿಂತ ದೊಡ್ಡ ವಿಷಯ ಕ್ಷುದ್ರಗ್ರಹಗಳದ್ದು, ಯಾಕಂದ್ರೆ ಭೂಮಿಗೆ ಬಡಿಯೋ ಕಲ್ಲುಗಳಲ್ಲಿ ಹೆಚ್ಚಿನವು ಅವೇ, ದೂರದ ಧೂಮಕೇತುಗಳ ಪಾಲು ಕಮ್ಮಿ. ಮಂಗಳ ಮತ್ತು ಗುರುವಿನ ಮಧ್ಯೆ ಇರೋ ಬೆಲ್ಟಲ್ಲಿ ಕೆಲವು ಜಾಗ ಖಾಲಿ ಇದೆ ಅಂತ 1866ರಲ್ಲಿ ಡೇನಿಯಲ್ ಕರ್ಕ್‌ವುಡ್ ತೋರಿಸಿಕೊಟ್ರು. ಗುರು ಒಂದು ಸುತ್ತು ಹಾಕೋದ್ರೊಳಗೆ ಸರಿಯಾಗಿ ಮೂರು ಸುತ್ತು ಹಾಕೋ ಜಾಗದಲ್ಲಿ ಕಲ್ಲುಗಳೇ ಇಲ್ಲ. ಯಾಕಿಲ್ಲ ಅಂದ್ರೆ ಆ ಜಾಗದಲ್ಲಿ ಗುರುವಿನ ಎಳೆತ ಒಂದೇ ತಾಳದಲ್ಲಿ ಮತ್ತೆ ಮತ್ತೆ ಬೀಳುತ್ತೆ, ಕಲ್ಲಿನ ದಾರಿ ನಿಧಾನಕ್ಕೆ ಮೊಟ್ಟೆ ಥರ ಉದ್ದುದ್ದ ಆಗ್ತಾ ಹೋಗಿ ಕೊನೆಗೆ ಮಂಗಳದ ದಾರಿನೂ ಭೂಮಿಯ ದಾರಿನೂ ದಾಟೋಕೆ ಶುರು ಮಾಡುತ್ತೆ, 1980ರ ದಶಕದ ಶುರುವಲ್ಲಿ ಜ್ಯಾಕ್ ವಿಸ್ಡಮ್ ಕಂಪ್ಯೂಟರ್ ಲೆಕ್ಕದಲ್ಲಿ ಇದನ್ನ ತೋರಿಸಿದ್ರು. ಬೆಲ್ಟಿನ ಒಳ ಅಂಚಲ್ಲಿ ಶನಿಗೆ ಸೇರಿದ ಇನ್ನೊಂದು ಅಂಥ ದಾರಿ ಇದೆ. ಭೂಮಿ ಹತ್ರ ಬರೋ ಕಲ್ಲುಗಳಲ್ಲಿ ಬಹಳಷ್ಟು ಈ ಎರಡು ದಾರಿಯಿಂದ ಇಳಿದು ಬಂದಿರೋವು. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋನಾರ್ ಕೆರೆ ಹೋಗಿ ನೋಡಿ, ನಮ್ಮ ಬೆಳಗಾವಿ ವಿಜಯಪುರ ಕಲಬುರಗಿ ಬೀದರ್ ಕಡೆ ಇರೋ ಅದೇ ಕಪ್ಪು ಬಸಾಲ್ಟ್ ಕಲ್ಲಿನ ಮೇಲೆ ಆಕಾಶದಿಂದ ಬಂದು ಬಿದ್ದ ಬಂಡೆ ಸುಮಾರು 1.8 ಕಿಲೋಮೀಟರ್ ಅಗಲದ ಗುಂಡಿ ಮಾಡಿದೆ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಒಡೆದಿದ್ದು ಬರೀ 20 ಮೀಟರ್ ಆಸುಪಾಸಿನ ಕಲ್ಲು, ಕಿಟಕಿ ಗಾಜು ಒಡೆದು ಸಾವಿರಕ್ಕಿಂತ ಜಾಸ್ತಿ ಜನಕ್ಕೆ ಗಾಯ ಆಯ್ತು. ಇನ್ನು 6.6 ಕೋಟಿ ವರ್ಷದ ಹಿಂದೆ ಮೆಕ್ಸಿಕೋದ ಚಿಕ್ಷುಲುಬ್ ಹತ್ರ ಬಿದ್ದು ಡೈನೋಸಾರ್‌ಗಳನ್ನ ಮುಗಿಸಿದ ಕಲ್ಲಿನ ಬಗ್ಗೆ 2024ರಲ್ಲಿ ಬಂದ ಅಧ್ಯಯನ ನನಗಂತೂ ತುಂಬಾ ಇಷ್ಟ ಆಯ್ತು. ಅದು ಬಿಟ್ಟು ಹೋದ ಪದರದಲ್ಲಿರೋ ರುಥೇನಿಯಮ್ ಲೋಹದ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಅಳೆದು ನೋಡಿದ್ರೆ ಅದು ಗುರುವಿನ ದಾರಿಯ ಆಚೆ ಕಡೆ ಹುಟ್ಟಿದ ಜಾತಿಯ ಕಲ್ಲು ಅಂತ ಗೊತ್ತಾಯ್ತು. ಆಚೆ ಹುಟ್ಟಿದ ಆ ಜಾತಿ ಕಲ್ಲುಗಳು ಬೆಲ್ಟಿಗೆ ಬಂದಿದ್ದು ಗುರು ಬೆಳೆಯೋವಾಗ ಮತ್ತೆ ಜಾಗ ಬದಲಾಯಿಸೋವಾಗ ಒಳಗಡೆ ಚೆಲ್ಲಾಡಿದ್ರಿಂದ ಅನ್ನೋದು ಈಗ ಹೆಚ್ಚಿನೋರು ಒಪ್ಪೋ ವಿವರಣೆ.

ಇಷ್ಟೆಲ್ಲ ಗೊತ್ತಾದ್ಮೇಲೆ ಯಾರಾದ್ರೂ ಸರಿಯಾಗಿ ಲೆಕ್ಕ ಹಾಕಿ ನೋಡಿದ್ರಾ ಅಂದ್ರೆ ಹೌದು, ಬ್ರಿಟನ್‌ನಲ್ಲಿ ಜಾಂಟಿ ಹಾರ್ನರ್ ಮತ್ತು ಬ್ಯಾರಿ ಜೋನ್ಸ್ ಅನ್ನೋರು 2008ರಿಂದ ಒಂದರ ಹಿಂದೆ ಒಂದು ಪೇಪರ್ ಬರೆದ್ರು. ಕಂಪ್ಯೂಟರಲ್ಲಿ ಸೌರಮಂಡಲ ಕಟ್ಟಿ ಗುರುವಿನ ತೂಕ ಮಾತ್ರ ಬದಲಾಯಿಸ್ತಾ ಹೋದ್ರು, ಕ್ಷುದ್ರಗ್ರಹ ಬೇರೆ, ಸಣ್ಣ ಅವಧಿಯ ಧೂಮಕೇತು ಬೇರೆ, ಊರ್ಟ್ ಮೋಡದ್ದು ಬೇರೆ ಅಂತ ಮೂರನ್ನೂ ಬಿಡಿಬಿಡಿಯಾಗಿ ನೋಡಿದ್ರು. ಊರ್ಟ್ ಮೋಡದ ವಿಷಯದಲ್ಲಿ ವೆದರಿಲ್ ಹೇಳಿದ ಹಾಗೆ ಗುರು ದೊಡ್ಡದಾದಷ್ಟೂ ಭೂಮಿಗೆ ಒಳ್ಳೇದು. ಸಣ್ಣ ಅವಧಿಯ ಧೂಮಕೇತುಗಳಲ್ಲಿ ಗುರು ಇರೋದಕ್ಕೂ ಇಲ್ಲದೇ ಇರೋದಕ್ಕೂ ಹೆಚ್ಚು ವ್ಯತ್ಯಾಸನೇ ಬರ್ಲಿಲ್ಲ. ಕ್ಷುದ್ರಗ್ರಹಗಳಲ್ಲೂ ಈ ಸಣ್ಣ ಅವಧಿಯ ಧೂಮಕೇತುಗಳಲ್ಲೂ ಅತೀ ಕೆಟ್ಟ ಪರಿಸ್ಥಿತಿ ಯಾವಾಗ ಬಂತು ಗೊತ್ತಾ, ಆ ಜಾಗದಲ್ಲಿ ಈಗಿನ ಗುರುವಿನ ಐದನೇ ಒಂದು ಭಾಗದಷ್ಟು ತೂಕದ, ಅಂದ್ರೆ ಶನಿಗಿಂತ ಸ್ವಲ್ಪ ಸಣ್ಣ ಗ್ರಹ ಇಟ್ಟಾಗ. ಕಲ್ಲುಗಳನ್ನ ಒಳಗಡೆ ಎಳೆದು ತರೋಷ್ಟು ಶಕ್ತಿ ಅದಕ್ಕಿದೆ, ಆದ್ರೆ ತಂದಿದ್ದನ್ನ ಬೇಗ ಎತ್ತಿ ಹೊರಗೆ ಹಾಕೋಷ್ಟು ಶಕ್ತಿ ಇಲ್ಲ. ಈ ಒಂದು ಫಲಿತಾಂಶ ಸಾಕು ಕಾವಲುಗಾರ ಅನ್ನೋ ಮಾತನ್ನ ಪಾಠದಿಂದ ತೆಗೆಯೋಕೆ. ಗುರು ಒಳ್ಳೇದಾ ಕೆಟ್ಟದ್ದಾ ಅನ್ನೋ ಪ್ರಶ್ನೆಗೆ ಎಷ್ಟು ತೂಕ, ಎಲ್ಲಿದೆ, ಯಾವ ಕಲ್ಲಿನ ಬಗ್ಗೆ ಕೇಳ್ತಿದ್ದೀವಿ ಅನ್ನೋದು ಗೊತ್ತಿಲ್ಲದೆ ಉತ್ತರನೇ ಇಲ್ಲ, ನನಗೆ ಹೇಳ್ಬೇಕಾಗಿರೋ ಮುಖ್ಯ ಮಾತು ಇದೇ.

ಹಾಗಂತ ಗುರುವಿಂದ ನಮಗೆ ಏನೂ ಆಗಿಲ್ಲ ಅಂತಲ್ಲ, ನಿಜ ಹೇಳ್ಬೇಕಂದ್ರೆ ಕಲ್ಲು ಬೀಳೋದಕ್ಕಿಂತ ದೊಡ್ಡ ಕೆಲಸ ಅದು ಹುಟ್ಟಿದ ಹೊಸದರಲ್ಲೇ ಮಾಡಿ ಮುಗಿಸಿತ್ತು, ನಿಮ್ಮ ಬರಹದಲ್ಲಿ ಅದರ ಬಗ್ಗೆ ಒಂದು ಸಾಲೂ ಇರ್ಲಿಲ್ಲ. ಉಲ್ಕಾಶಿಲೆಗಳನ್ನ ಲ್ಯಾಬಲ್ಲಿ ಅಳೆದಾಗ ಅವು ಎರಡು ಗುಂಪಾಗಿ ಒಡೆದಿರೋದು ಕಾಣುತ್ತೆ, ಮಾಲಿಬ್ಡಿನಮ್ ಟಂಗ್‌ಸ್ಟನ್ ಥರದ ಲೋಹಗಳ ಐಸೋಟೋಪ್ ಒಂದರದ್ದು ಇನ್ನೊಂದಕ್ಕೆ ಹೊಂದಲ್ಲ, ಸೂರ್ಯ ಹುಟ್ಟಿದ ಹೊಸದರಲ್ಲಿ ಒಳಗಿನ ಧೂಳು ಮತ್ತೆ ಹೊರಗಿನ ಧೂಳು ಲಕ್ಷಾಂತರ ವರ್ಷ ಬೆರೆಯದೆ ಬೇರೆ ಬೇರೆ ಇದ್ದಿದ್ವು ಅಂತ ಇದರ ಅರ್ಥ. 2017ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನ ವಿಜ್ಞಾನಿಗಳು ಇದಕ್ಕೆ ಗುರುನೇ ಕಾರಣ, ಹತ್ತು ಲಕ್ಷ ವರ್ಷದೊಳಗೇ ಅದರ ತಿರುಳು ಭೂಮಿಯ 20 ಪಟ್ಟು ತೂಕಕ್ಕೆ ಬೆಳೆದು ಮಧ್ಯೆ ಅಡ್ಡ ನಿಂತಿತ್ತು ಅಂದ್ರು. ಅಡ್ಡ ನಿಂತಿದ್ದು ಗುರುನೇನಾ ಅಥವಾ ಹೊಸ ಸೂರ್ಯನ ಸುತ್ತ ತಟ್ಟೆ ಥರ ಹರಡಿದ್ದ ಧೂಳು ಅನಿಲದಲ್ಲಿ ಒತ್ತಡ ಜಾಸ್ತಿ ಇದ್ದ ಒಂದು ಪಟ್ಟಿನಾ ಅಂತ ಇನ್ನೂ ವಾದ ನಡೀತಿದೆ. ಗುರು ಅಡ್ಡ ನಿಂತಿದ್ರೆ ಆಚೆಯಿಂದ ಒಳಗೆ ಹರಿದು ಬರ್ತಿದ್ದ ಕಲ್ಲು ಮಂಜುಗಡ್ಡೆ ಕಮ್ಮಿ ಆಗಿ, ಒಳಗಡೆ ಭೂಮಿಯ ಹತ್ತಿಪ್ಪತ್ತು ಪಟ್ಟು ತೂಕದ ಗ್ರಹ ಬೆಳೆಯೋಕೆ ಸಾಮಾನೇ ಸಿಕ್ಕಿರಲ್ಲ, ಸಣ್ಣ ಸಣ್ಣ ಕಲ್ಲಿನ ಗ್ರಹ ನಾಲ್ಕು ಉಳಿದ್ವು ಅಂತ ಒಂದು ಆಲೋಚನೆ. ಬೇರೆ ನಕ್ಷತ್ರಗಳಲ್ಲಿ ಭೂಮಿಗಿಂತ ದೊಡ್ಡದು ನೆಪ್ಚೂನ್‌ಗಿಂತ ಸಣ್ಣದು ಅನ್ನೋ ಗ್ರಹಗಳು ನಕ್ಷತ್ರದ ಹತ್ತಿರಾನೇ ತುಂಬಿರೋದು, ನಮ್ಮಲ್ಲಿ ಅಂಥದ್ದು ಒಂದೂ ಇಲ್ಲದೇ ಇರೋದು ನೋಡಿದಾಗ ಈ ಆಲೋಚನೆಗೆ ತೂಕ ಬರುತ್ತೆ.

2011ರಲ್ಲಿ ಕೆವಿನ್ ವಾಲ್ಶ್ ಮತ್ತು ಜೊತೆಗಾರರು ಇನ್ನೂ ಮುಂದಕ್ಕೆ ಹೋದ್ರು. ಗುರು ಮೊದಲು ಅನಿಲದ ತಟ್ಟೆಯೊಳಗೆ ಜಾರುತ್ತಾ ಈಗ ಮಂಗಳ ಇರೋ ದೂರದವರೆಗೆ ಬಂದು, ಆಮೇಲೆ ಹಿಂದಿಂದ ಬಂದ ಶನಿಯ ಜೊತೆ ಸಿಕ್ಕಿಹಾಕ್ಕೊಂಡು ವಾಪಸ್ ಹೊರಗೆ ಹೋಯ್ತು ಅಂತ ಅವರ ಮಾದರಿ. ಹಾಗೆ ಬಂದು ಹೋಗೋವಾಗ ಮಂಗಳ ಇರೋ ಜಾಗದ ಸಾಮಾನೆಲ್ಲ ಚೆಲ್ಲಾಪಿಲ್ಲಿ ಆಗಿದ್ರಿಂದ ಮಂಗಳ ಭೂಮಿಯ ಹತ್ತನೇ ಒಂದು ಭಾಗದಷ್ಟೇ ಬೆಳೀತು, ಕ್ಷುದ್ರಗ್ರಹಗಳ ಬೆಲ್ಟಲ್ಲಂತೂ ಈಗ ಎಲ್ಲ ಸೇರಿಸಿದ್ರೂ ನಮ್ಮ ಚಂದ್ರನ ತೂಕದ ನೂರಕ್ಕೆ ನಾಲ್ಕು ಪಾಲೂ ಆಗಲ್ಲ. ಇದು ಒಂದು ಮಾದರಿ ಅಷ್ಟೇ, ಒಪ್ಪದೇ ಇರೋರೂ ಇದ್ದಾರೆ. ಆದ್ರೆ ಮಂಗಳ ಸಣ್ಣದಾಗಿದ್ದು ಸಣ್ಣ ವಿಷಯ ಅಲ್ಲ, ಅಷ್ಟು ಹಗುರಾಗಿದ್ದಕ್ಕೇ ಅದು ಬೇಗ ತಣ್ಣಗಾಗಿ ಕಾಂತಕ್ಷೇತ್ರ ಕಳ್ಕೊಂಡು ಗಾಳಿ ಹಿಡಿದಿಟ್ಕೊಳ್ಳೋಕೆ ಆಗದೆ ಹೋಯ್ತು, ಒಂದು ಕಾಲದಲ್ಲಿ ನದಿ ಹರಿದಿದ್ದ ಗ್ರಹ ಇವತ್ತು ಒಣ ಮರುಭೂಮಿ. ಗುರುನೇ ಇದಕ್ಕೆ ಕಾರಣ ಆಗಿದ್ರೆ, ಭೂಮಿಯನ್ನ ಕಾಪಾಡ್ತು ಅಂತ ನಾವು ಹೇಳೋ ಅದೇ ಗ್ರಹ ಪಕ್ಕದ ಮನೆ ಹಾಳಾಗೋಕೂ ಕಾರಣ ಅಂತಾಯ್ತು.

ನೀರಿನ ವಿಷಯನೂ ಹೀಗೇ. ಸಮುದ್ರದ ನೀರೆಲ್ಲ ಸೇರಿದ್ರೂ ಭೂಮಿಯ ತೂಕದಲ್ಲಿ ನೂರಕ್ಕೆ 0.02 ಅಷ್ಟೇ, ಆದ್ರೆ ಅಷ್ಟು ಇಲ್ಲದಿದ್ರೆ ನಾವಿಲ್ಲ. ಆ ನೀರಲ್ಲಿರೋ ಭಾರದ ಹೈಡ್ರೋಜನ್ ಪಾಲು ಇಂಗಾಲ ಜಾಸ್ತಿ ಇರೋ ಉಲ್ಕಾಶಿಲೆಗಳ ನೀರಿಗೆ ಹತ್ರ ಹೊಂದುತ್ತೆ, ಹಾಗಾಗಿ ಗುರು ಬೆಳೆಯೋವಾಗ ಆಚೆಯ ಒದ್ದೆ ಕಲ್ಲುಗಳನ್ನ ಒಳಗೆ ಚೆಲ್ಲಿದ್ದೇ ನಮ್ಮ ಸಮುದ್ರಕ್ಕೆ ಮೂಲ ಅಂತ ತುಂಬಾ ಜನ ಹೇಳ್ತಾರೆ. 67ಪಿ ಧೂಮಕೇತುವಿನ ನೀರನ್ನ ರೊಸೆಟ್ಟಾ ಅಳೆದಾಗ ಅದರಲ್ಲಿ ಭಾರದ ಹೈಡ್ರೋಜನ್ ಪಾಲು ನಮ್ಮ ಸಮುದ್ರದ್ದರ ಮೂರು ಪಟ್ಟಿಗಿಂತ ಜಾಸ್ತಿ ಬಂತು, ಅಂಥ ಧೂಮಕೇತುಗಳು ಮುಖ್ಯ ಮೂಲ ಆಗಿರಲಿಕ್ಕಿಲ್ಲ ಅಂತಾಯ್ತು. ಇನ್ನೊಂದು ಕಡೆ 2020ರಲ್ಲಿ ಫ್ರಾನ್ಸ್‌ನ ಲೊರೆಟ್ ಪಿಯಾನಿ ತಂಡ, ಭೂಮಿ ಯಾವ ಥರದ ಕಲ್ಲಿಂದ ಆಯ್ತೋ ಆ ಥರದ ಎನ್‌ಸ್ಟಟೈಟ್ ಉಲ್ಕಾಶಿಲೆಗಳಲ್ಲೇ ಸಾಕಷ್ಟು ಹೈಡ್ರೋಜನ್ ಇದೆ, ಹೊರಗಿಂದ ತರೋ ಅವಶ್ಯಕತೆ ಅಷ್ಟಿರಲಿಲ್ಲ ಅಂತ ತೋರಿಸಿತು. ನೋಡಿ, ಇಂಥ ನಡೀತಿರೋ ವಾದನ ಮಕ್ಕಳ ಮುಂದೆ ಇಟ್ರೆ ಅವರಿಗೆ ಎಷ್ಟು ಖುಷಿ ಆಗುತ್ತೆ, ಇನ್ನೂ ಉತ್ತರ ಸಿಗದ ಪ್ರಶ್ನೆ ಇದು ನೀನೇ ದೊಡ್ಡವನಾದ್ಮೇಲೆ ಹುಡುಕು ಅಂತ ಹೇಳೋಕೆ ಇದಕ್ಕಿಂತ ಒಳ್ಳೇ ಜಾಗ ಯಾವುದಿದೆ.

ಕಲ್ಲು ನೀರು ಆಯ್ತು, ಇನ್ನೊಂದು ವಿಷಯ ಇದೆ ಅದು ನಮ್ಮ ಮಳೆಗೇ ಸಂಬಂಧಪಟ್ಟಿದ್ದು, ಇದನ್ನ ಕನ್ನಡದಲ್ಲಿ ಯಾರೂ ಬರೆದಿದ್ದು ನಾನು ನೋಡಿಲ್ಲ. ಭೂಮಿಯ ದಾರಿ ಈಗ ಹೆಚ್ಚು ಕಮ್ಮಿ ದುಂಡಗಿದೆ, ಆದ್ರೆ ಯಾವಾಗ್ಲೂ ಹೀಗಿರಲ್ಲ, ಗುರು ಶುಕ್ರ ಮತ್ತೆ ಬೇರೆ ಗ್ರಹಗಳ ಎಳೆತದಿಂದ ಅದು ಲಕ್ಷಾಂತರ ವರ್ಷದಲ್ಲಿ ಸ್ವಲ್ಪ ಉದ್ದ ಆಗುತ್ತೆ ಮತ್ತೆ ದುಂಡಗಾಗುತ್ತೆ. ಅದರಲ್ಲಿ ಅತೀ ಸ್ಥಿರವಾದ ತಾಳ 4,05,000 ವರ್ಷದ್ದು, ಅದು ಗುರು ಮತ್ತು ಶುಕ್ರ ಸೇರಿ ಹಾಕೋ ತಾಳ. 2018ರಲ್ಲಿ ಡೆನಿಸ್ ಕೆಂಟ್, ಪಾಲ್ ಓಲ್ಸನ್ ಮತ್ತು ಜೊತೆಗಾರರು ಅಮೆರಿಕದ ಅರಿಜೋನಾದಲ್ಲಿ ಡೈನೋಸಾರ್ ಕಾಲದ ಬಂಡೆ ಕೊರೆದು ತೆಗೆದು, ಈ ತಾಳ 21.5 ಕೋಟಿ ವರ್ಷದ ಹಿಂದೆನೂ ಹೀಗೇ ಇತ್ತು ಅಂತ ತೋರಿಸಿದ್ರು. ಈಗ ಭೂಮಿ ಸೂರ್ಯನಿಗೆ ಅತೀ ಹತ್ರ ಬರೋದು ಜನವರಿ ಮೊದಲ ವಾರದಲ್ಲಿ, ಸುಮಾರು 11 ಸಾವಿರ ವರ್ಷದ ಹಿಂದೆ ಅದು ಜುಲೈ ಆಸುಪಾಸಿಗಿತ್ತು, ಆವಾಗ ಉತ್ತರಾರ್ಧದ ಬೇಸಿಗೆ ಬಿಸಿಲು ಜೋರಾಗಿ ಮುಂಗಾರೂ ಈಗಿಗಿಂತ ಜೋರಾಗಿತ್ತು, ಆಮೇಲಿನ ಕೆಲವು ಸಾವಿರ ವರ್ಷ ಸಹಾರಾದಲ್ಲೂ ಹುಲ್ಲು ಕೆರೆ ಇದ್ವು. ಹೀಗೆ ಹತ್ರ ಬರೋ ತಿಂಗಳು ಬದಲಾಗೋದು ಭೂಮಿಯ ಅಕ್ಷ ತೂಗಾಡೋದ್ರಿಂದ ಮತ್ತೆ ದಾರಿನೇ ತಿರುಗೋದ್ರಿಂದ, ಆದ್ರೆ ಅದರಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅನ್ನೋದು ದಾರಿ ಎಷ್ಟು ಉದ್ದಗಿದೆ ಅನ್ನೋದ್ರ ಮೇಲೆ ನಿಂತಿದೆ, ದಾರಿ ಪೂರ್ತಿ ದುಂಡಗಿದ್ರೆ ಯಾವ ತಿಂಗಳಾದ್ರೂ ಒಂದೇ. ಅಂದ್ರೆ ನಮ್ಮ ಮುಂಗಾರಿನ ಸಾವಿರಾರು ವರ್ಷದ ಏರಿಳಿತದಲ್ಲಿ ಗುರುವಿನ ಕೈ ಇದೆ. ಇಲ್ಲಿ ಎಲ್ಲರೂ ಸರಿಯಾಗಿ ತಿಳ್ಕೋಬೇಕು, ಇದು ಈ ವರ್ಷ ಮಳೆ ಚೆನ್ನಾಗಿ ಆಗುತ್ತಾ ಅನ್ನೋದಕ್ಕೆ ಸಂಬಂಧನೇ ಇಲ್ಲ, ಸಾವಿರಾರು ವರ್ಷದ ಮಾತು, ಗುರು ಯಾವ ರಾಶಿಗೆ ಬಂದ ಅನ್ನೋದ್ರ ಜೊತೆ ಇದನ್ನ ಯಾರೂ ಸೇರಿಸಬಾರದು.

ಗುರುವಿನ ದಾರಿ ಬದಲಾದ್ರೆ ಏನಾಗುತ್ತೆ ಅಂತಾನೂ ಲೆಕ್ಕ ಹಾಕಿದ್ದಾರೆ. 2022ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ವಿಶ್ವವಿದ್ಯಾಲಯದ ಪಾಮ್ ವರ್ವೂರ್ಟ್ ತಂಡ, ಗುರುವಿನ ದಾರಿ ಈಗಿಗಿಂತ ಉದ್ದ ಆಗಿದ್ರೆ ಭೂಮಿಯ ದಾರಿನೂ ಜಾಸ್ತಿ ಬದಲಾಗ್ತಾ, ಈಗ ಹೆಪ್ಪುಗಟ್ಟಿರೋ ಕೆಲವು ಭಾಗ ಬೆಚ್ಚಗಾಗಿ ಜೀವ ಇರಬಹುದಾದ ಜಾಗ ಇನ್ನೂ ಜಾಸ್ತಿ ಆಗ್ತಿತ್ತು ಅಂತ ಹೇಳಿತು. ಗುರು ಈಗಿರೋ ಹಾಗೇ ಇರೋದೇ ನಮಗೆ ಬೆಸ್ಟ್ ಅಂತ ಅಂದ್ಕೊಂಡಿದ್ದೋರಿಗೆ ಇದು ಆಶ್ಚರ್ಯ. ಅದೇ ಲೆಕ್ಕದಲ್ಲಿ ಗುರು ತುಂಬಾ ಹತ್ರ ಬಂದ್ರೆ ಭೂಮಿಯ ಅಕ್ಷ ಜಾಸ್ತಿ ವಾಲಿ ದೊಡ್ಡ ಭಾಗ ಹೆಪ್ಪುಗಟ್ಟುತ್ತೆ ಅಂತಾನೂ ಬಂತು.

ಬೇರೆ ನಕ್ಷತ್ರಗಳ ಕಡೆ ನೋಡಿದ್ರೆ ನಮ್ಮ ಗುರು ಎಷ್ಟು ಶಾಂತ ಅನ್ನೋದು ಗೊತ್ತಾಗುತ್ತೆ. 1995ರಲ್ಲಿ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋಜ್ ಕಂಡುಹಿಡಿದ 51 ಪೆಗಾಸಿ ಬಿ ಗುರುವಿನ ಅರ್ಧದಷ್ಟು ತೂಕದ ಗ್ರಹ, ತನ್ನ ನಕ್ಷತ್ರದ ಸುತ್ತ 4.2 ದಿನಕ್ಕೆ ಒಂದು ಸುತ್ತು, 2019ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೇಶದಲ್ಲೂ ಅಹಮದಾಬಾದ್‌ನ ಪಿಆರ್‌ಎಲ್ (ಭೌತ ಸಂಶೋಧನಾ ಪ್ರಯೋಗಾಲಯ) ವಿಜ್ಞಾನಿಗಳು ಮೌಂಟ್ ಅಬುವಿನ 1.2 ಮೀಟರ್ ಟೆಲಿಸ್ಕೋಪಿಗೆ ಪಾರಸ್ ಉಪಕರಣ ಹಾಕಿ 2021ರಲ್ಲಿ ಟಿಒಐ 1789 ಬಿ ಅನ್ನೋ ಅಂಥದ್ದೇ ಬಿಸಿ ಗುರು ಹಿಡಿದ್ರು, ಸುತ್ತು ಮೂರು ದಿನಕ್ಕಿಂತ ಸ್ವಲ್ಪ ಜಾಸ್ತಿ. ಹೀಗೆ ಒಳಗಡೆವರೆಗೆ ಬಂದ ದೊಡ್ಡ ಗ್ರಹಗಳ ಅಕ್ಕಪಕ್ಕ ಸಾಮಾನ್ಯವಾಗಿ ಬೇರೆ ಗ್ರಹ ಸಿಗಲ್ಲ, ವಾಸ್ಪ್ 47 ಅನ್ನೋ ನಕ್ಷತ್ರದ ಥರದ ಕೆಲವು ಅಪವಾದ ಬಿಟ್ರೆ. ಇನ್ನೂ ಭಯ ಹುಟ್ಟಿಸೋದು ಎಚ್‌ಡಿ 80606 ಬಿ, ಗುರುವಿನ ನಾಲ್ಕು ಪಟ್ಟು ತೂಕ, 111 ದಿನದ ಸುತ್ತು, ದಾರಿ ಎಷ್ಟು ಉದ್ದ ಅಂದ್ರೆ ಒಂದು ತುದಿಯಲ್ಲಿ ಭೂಮಿ ಇರೋ ದೂರದ ಹತ್ತಿರ ಇರುತ್ತೆ ಇನ್ನೊಂದು ತುದಿಯಲ್ಲಿ ನಕ್ಷತ್ರದ ಪಕ್ಕದಲ್ಲೇ ಹಾದು ಹೋಗುತ್ತೆ. ನೀರು ನೀರಾಗಿ ಇರಬಹುದಾದ ಜಾಗದಲ್ಲಿ ಅಲ್ಲೊಂದು ಭೂಮಿ ಇದ್ದಿದ್ರೆ ಅದು ಎಂದೋ ಹೊರಗೆ ಹೋಗಿರುತ್ತೆ ಇಲ್ಲಾ ನಕ್ಷತ್ರಕ್ಕೆ ಬಿದ್ದಿರುತ್ತೆ. ಎಚ್‌ಡಿ 141399 ಅನ್ನೋ ನಕ್ಷತ್ರದ ಸುತ್ತ ನಾಲ್ಕು ದೈತ್ಯ ಗ್ರಹಗಳಿವೆ, ಎಣಿಕೆಯಲ್ಲಿ ನಮ್ಮ ಹಾಗೇ, ಆದ್ರೆ ಸ್ಟೀಫನ್ ಕೇನ್ 2023ರಲ್ಲಿ ಲೆಕ್ಕ ಹಾಕಿ ನೋಡಿದಾಗ ಆ ನಾಲ್ಕರ ಎಳೆತದಲ್ಲಿ ಭೂಮಿಯಂಥ ಗ್ರಹ ನಿಲ್ಲೋಕೆ ಸಿಗೋ ಜಾಗ ತೀರಾ ಕಮ್ಮಿ ಅಂತ ಗೊತ್ತಾಯ್ತು. ನಮ್ಮ ಗುರು ಸೂರ್ಯ ಭೂಮಿ ದೂರದ 5.2 ಪಟ್ಟು ಆಚೆ, ಹೆಚ್ಚು ಕಮ್ಮಿ ದುಂಡಗಿನ ದಾರಿಯಲ್ಲಿ ಸುತ್ತುತ್ತೆ. ಭೂಮಿ ಇಷ್ಟು ಕಾಲ ನೆಮ್ಮದಿಯಾಗಿ ಉಳಿಯೋಕೆ ಇದೂ ಒಂದು ದೊಡ್ಡ ಕಾರಣ, ಬರೋ ಕಲ್ಲು ತಡೆದಿದ್ದಕ್ಕಿಂತ ತಾನೇ ನಮ್ಮ ದಾರಿಗೆ ಅಡ್ಡ ಬರದೇ ಇದ್ದಿದ್ದು ದೊಡ್ಡದು.

ಇನ್ನು ದೈತ್ಯ ಗ್ರಹದ ಉಪಗ್ರಹಗಳೇ ಜೀವಕ್ಕೆ ಜಾಗ ಆಗಬಹುದು ಅನ್ನೋದು ಬೇರೆ ವಿಷಯ, ಗುರುವಿನ ಉಪಗ್ರಹ ಯೂರೋಪಾದ ಮಂಜಿನ ಕೆಳಗಿನ ಸಮುದ್ರ ನೋಡೋಕೆ ಯೂರೋಪಾ ಕ್ಲಿಪ್ಪರ್ ನೌಕೆ 2024ರ ಅಕ್ಟೋಬರ್‌ನಲ್ಲಿ ಹೊರಟಿದೆ, 2030ಕ್ಕೆ ಸೇರುತ್ತೆ, ಅದರ ಬಗ್ಗೆ ನಿಮ್ಮ ಪುಟದಲ್ಲಿ ಬೇರೆಯಾಗೇ ಬರೆಸಿ.

ಈಗ ನನ್ನ ಕೋರಿಕೆ. ಯುರೋಪಿನ ಗಾಯಾ ದೂರದರ್ಶಕ 2013ರಲ್ಲಿ ಮೇಲೆ ಹೋಗಿ 2025ರ ಜನವರಿವರೆಗೆ ನೂರು ಕೋಟಿಗಿಂತ ಜಾಸ್ತಿ ನಕ್ಷತ್ರಗಳ ಜಾಗ ಅಳೀತು. ನಕ್ಷತ್ರ ಆಕಾಶದಲ್ಲಿ ಸಣ್ಣಗೆ ಅಲ್ಲಾಡೋದನ್ನ ಹಿಡಿಯೋ ಈ ವಿಧಾನಕ್ಕೆ ಸರಿಯಾಗಿ ಸಿಗೋದೇ ಗುರುವಿನಂಥ, ನಕ್ಷತ್ರದಿಂದ ದೂರ ಇರೋ ದೊಡ್ಡ ಗ್ರಹಗಳು. ಮುಂದಿನ ದೊಡ್ಡ ಡೇಟಾ ಕಂತು 2026ರ ಡಿಸೆಂಬರ್‌ಗೆ ಬಿಡೋ ಪ್ಲಾನ್ ಇದೆ, ಅಂಥ ಗ್ರಹಗಳು ಸಾವಿರಗಟ್ಟಲೆ ಸಿಗಬಹುದು ಅಂತ ನಿರೀಕ್ಷೆ ಇಟ್ಕೊಂಡಿದ್ದಾರೆ. ಆವಾಗ ಏಜೆನ್ಸಿಗಳಿಂದ "ಇನ್ನೊಂದು ಗುರು ಸಿಕ್ತು, ಇನ್ನೊಂದು ಭೂಮಿ ಪಕ್ಕಾ" ಅಂತ ಸುದ್ದಿ ಬರೋದು ಗ್ಯಾರಂಟಿ. ಆ ಸುದ್ದಿನ ಕನ್ನಡಕ್ಕೆ ತರೋವಾಗ ನಿಮ್ಮ ಡೆಸ್ಕಲ್ಲಿ ಇರೋರು ಮೂರು ವಿಷಯ ತಪ್ಪದೇ ಹಾಕಲಿ, ಆ ಗ್ರಹದ ತೂಕ ಎಷ್ಟು, ನಕ್ಷತ್ರದಿಂದ ಎಷ್ಟು ದೂರ, ದಾರಿ ದುಂಡಗಿದೆಯಾ ಉದ್ದಗಿದೆಯಾ. ಈ ಮೂರು ಕೊಟ್ರೆ ಅಲ್ಲೊಂದು ಕಲ್ಲಿನ ಗ್ರಹ ನೆಮ್ಮದಿಯಾಗಿ ಇರಬಹುದಾ ಅಂತ ಹೈಸ್ಕೂಲ್ ಹುಡುಗಿಯೊಬ್ಬಳು ತಾನೇ ಕೂತು ಯೋಚನೆ ಮಾಡಬಹುದು. ಅದಕ್ಕಿಂತ ಮೊದಲು ಮಕ್ಕಳ ಪುರವಣಿಯಲ್ಲೇ ಲೆಕ್ಸೆಲ್ ಧೂಮಕೇತುವಿನ ಕಥೆ ಒಂದು ಪುಟ ಚಿತ್ರ ಸಮೇತ ಹಾಕಿ, ಹೋದ ಸಲ ಕಾವಲುಗಾರ ಅಂತ ಓದಿದ ಮಕ್ಕಳೇ ಇದನ್ನೂ ಓದಲಿ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗ
ದಾವಣಗೆರೆ